ಸಂಘಭೇದ: ಅಶೋಕನ ಆಜ್ಞೆಯೂ ವಿನಯದ ಕ್ರಮವೂ

ಸಿರಿಗೇರಿಯ ಸೀಮೆಯವರಿಗೆ ನಿಟ್ಟೂರು, ಉಡೆಗೋಳ ಎಂಬ ಊರುಗಳು ಅಪರಿಚಿತವಲ್ಲ. ಸಿರುಗುಪ್ಪದ ಸುತ್ತಿನ ಈ ಎರಡು ಗ್ರಾಮಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಕಿರುಶಾಸನಗಳಿರುವುದು 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದಿತು. ಬಹುತೇಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂದಷ್ಟೇ ಕರೆದುಕೊಳ್ಳುವ ದೊರೆ, ಮಸ್ಕಿಯಲ್ಲಿರುವಂತೆ ಇಲ್ಲಿಯೂ ತನ್ನ ನಿಜವಾದ ಹೆಸರನ್ನು ಬರೆಯಿಸಿದ್ದಾನೆ. ಪಂಡಿತರು ಹೆಚ್ಚಾಗಿ ಈ ಹೆಸರಿನ ವಿಚಾರವನ್ನೇ ಎತ್ತಿ ಹೇಳುವರು. ನಮಗೆ ಅದಕ್ಕಿಂತ ಸ್ವಾರಸ್ಯವಾಗಿ ತೋರುವುದು ಈ ಕಿರುಶಾಸನದ ಇನ್ನೊಂದು ಮಾತು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದುವೆಂದೂ, ಮೊದಲ ಒಂದು ವರ್ಷ ಹೆಚ್ಚಿನ ಉತ್ಸಾಹವನ್ನು ತೋರಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಬಳಿಕವೇ ಚೆನ್ನಾಗಿ ಶ್ರಮಿಸಿದೆನೆಂದೂ ಅರಸನು ಹೇಳಿಕೊಂಡಿದ್ದಾನೆ. ತನ್ನ ಶೈಥಿಲ್ಯವನ್ನು ತಾನೇ ಕಲ್ಲಿನ ಮೇಲೆ ಕಡೆಯಿಸಿದ ಅನುಯಾಯಿಗಳು ಚರಿತ್ರೆಯಲ್ಲಿ ವಿರಳ.

ಇದೇ ದೊರೆ ಇತರರ ತಪ್ಪಿನ ವಿಷಯದಲ್ಲಿ ಹೇಗೆ ನಡೆದುಕೊಂಡನು? ಇದಕ್ಕೆ ಉತ್ತರ ಕನ್ನಡ ನಾಡಿನಲ್ಲಿಲ್ಲ. ಸಾರನಾಥ, ಸಾಂಚಿ ಮತ್ತು ಕೌಶಾಂಬಿಯ ಸ್ತಂಭಗಳ ಮೇಲಿದೆ. ಸಂಘವನ್ನು ಒಡೆಯುವ ಭಿಕ್ಷುವಿಗಾಗಲಿ ಭಿಕ್ಷುಣಿಗಾಗಲಿ ಬಿಳಿಯ ಬಟ್ಟೆಯನ್ನು ಉಡಿಸಿ, ಭಿಕ್ಷುಗಳಿಗೆ ತಕ್ಕುದಲ್ಲದ ಎಡೆಯಲ್ಲಿ ಇರಿಸಬೇಕೆಂದು ಅಲ್ಲಿ ಆಜ್ಞೆಯಾಗಿದೆ. ಬಿಳಿಯ ಬಟ್ಟೆ ಗೃಹಸ್ಥರದು. ಕಾಷಾಯವನ್ನು ಕಳೆದು ಅದನ್ನು ಉಡಿಸಿದರೆ ಭಿಕ್ಷುತ್ವ ಹೋಯಿತೆಂದೇ ಅರ್ಥ.

ಸಂಘವೆಂಬುದು ಯಾರೂ ಬಲವಂತದಿಂದ ಸೇರಿದ ಕೂಟವಲ್ಲ. ತಾವಾಗಿ ಬಂದವರು ಬೇಡವೆನಿಸಿದಾಗ ಬಿಟ್ಟು ಹೋಗಬಹುದಾಗಿದ್ದಿತು. ಇಂತಹ ಕೂಟಕ್ಕೆ ಸೆರೆಮನೆಯಿಲ್ಲ, ಕೊರಡೆಯಿಲ್ಲ. ತಪ್ಪು ಮಾಡಿದ ಸದಸ್ಯನನ್ನು ಏನು ಮಾಡಬೇಕೆಂಬುದು ಆಗ ಬಹು ಕಷ್ಟದ ಪ್ರಶ್ನೆಯಾಗುತ್ತದೆ. ಮುಚ್ಚಿಹಾಕಿದರೆ ಸಂಘ ಕೊಳೆಯುತ್ತದೆ. ಸಿಟ್ಟಿನಲ್ಲಿ ಹೊರಗಟ್ಟಿದರೆ ಒಡೆಯುತ್ತದೆ. ಬೌದ್ಧರ ವಿನಯಪಿಟಕ ಈ ಇಕ್ಕಟ್ಟಿನಲ್ಲಿಯೇ ಬೆಳೆದ ಗ್ರಂಥವೆಂದು ನಾವು ಭಾವಿಸುತ್ತೇವೆ.

ಪಾಲಿ ಸಂಪ್ರದಾಯದಲ್ಲಿ ಭಿಕ್ಷುವಿಗೆ 227 ನಿಯಮಗಳು. ಅವುಗಳಲ್ಲಿ ಸಂಘದಿಂದ ಪೂರ್ತಿಯಾಗಿ ಹೊರಬೀಳಿಸುವುವು ನಾಲ್ಕೇ: ಮೈಥುನ, ಕಳವು, ನರಹತ್ಯೆ, ಇಲ್ಲದ ಸಿದ್ಧಿಯನ್ನು ಇದೆಯೆಂದು ಹೇಳಿಕೊಳ್ಳುವುದು. ಸಂಘಭೇದ ಈ ನಾಲ್ಕರಲ್ಲಿ ಸೇರಿಲ್ಲವೆಂಬುದನ್ನು ಗಮನಿಸಬೇಕು. ಸಂಘವನ್ನು ಒಡೆಯಲೆಳಸುವವನಿಗೆ ಮೂರು ಸಲ ಬುದ್ಧಿ ಹೇಳಬೇಕು. ಆಗಲೂ ಹಟವನ್ನು ಬಿಡದಿದ್ದರೆ ಮಾತ್ರ ಅದು ಎರಡನೆಯ ವರ್ಗದ ದೋಷವಾಗುವುದು. ಆ ವರ್ಗದ ದೋಷಕ್ಕೆ ಆರು ರಾತ್ರಿಗಳ ಪ್ರಾಯಶ್ಚಿತ್ತವುಂಟು. ದೋಷವನ್ನು ಬಚ್ಚಿಟ್ಟಿದ್ದರೆ ಎಷ್ಟು ದಿನ ಬಚ್ಚಿಟ್ಟನೋ ಅಷ್ಟು ದಿನ ಅದಕ್ಕೆ ಮೊದಲು ಬೇರೆ ವಾಸ ಮಾಡಬೇಕು. ತಪ್ಪಿಗೊಂದು ಲೆಕ್ಕ, ಮರೆಮಾಚಿದ್ದಕ್ಕೆ ಇನ್ನೊಂದು ಲೆಕ್ಕ! ಕೊನೆಗೆ ಅವನನ್ನು ಮರಳಿ ಸೇರಿಸಿಕೊಳ್ಳಲು ಕಡಮೆಯೆಂದರೆ ಇಪ್ಪತ್ತು ಭಿಕ್ಷುಗಳು ನೆರೆಯಬೇಕು. ಹತ್ತೊಂಬತ್ತು ಮಂದಿ ಸಾಲದು.

ವಿಚಾರಣೆಯ ಕ್ರಮವೂ ಕಟ್ಟುನಿಟ್ಟಾದುದೇ. ಆಪಾದಿತನು ಎದುರಿನಲ್ಲಿರಬೇಕು, ಆಪಾದನೆಯನ್ನು ಅವನಿಗೆ ತಿಳಿಸಿ, ನಡೆದುದನ್ನು ನೆನಪಿಗೆ ತಂದು, ಅವನ ಮಾತನ್ನು ಕೇಳಬೇಕು. ಮುಖ್ಯವಾದ ಕಾರ್ಯಗಳಲ್ಲಿ ಸಂಘದ ಮುಂದೆ ಸೂಚನೆಯನ್ನು ಒಮ್ಮೆ ಮಂಡಿಸಿ, ನಿರ್ಣಯವನ್ನು ಮೂರು ಬಾರಿ ಸಾರಬೇಕು. ಒಪ್ಪಿದವರು ಸುಮ್ಮನಿರಬೇಕು, ಒಪ್ಪದವರು ನುಡಿಯಬೇಕು. ಆ ಕಾಲದಲ್ಲಿ ಇದನ್ನೆಲ್ಲ ಬರೆದಿಡುವ ಪದ್ಧತಿಯಿರಲಿಲ್ಲ. ಹದಿನೈದು ದಿನಗಳಿಗೊಮ್ಮೆ ಉಪೋಸಥದಂದು ನಿಯಮಗಳನ್ನು ಸಭೆಯಲ್ಲಿ ಪಠಿಸುವ ಪದ್ಧತಿಯಿದ್ದಿತು. ದೋಷವುಳ್ಳವನು ಅದನ್ನು ಮೊದಲೇ ನಿವೇದಿಸಬೇಕು. ಸಭೆಯ ಜ್ಞಾಪಕವೇ ದಫ್ತರು.

ದೇವದತ್ತನ ಪ್ರಸಂಗದಲ್ಲಿ ಸಂಘ ಇನ್ನೊಂದು ಹೆಜ್ಜೆಯಿಟ್ಟಿತೆಂದು ವಿನಯಪಿಟಕ ಹೇಳುತ್ತದೆ. ಅವನು ಮಾಡುವುದಕ್ಕೂ ಆಡುವುದಕ್ಕೂ ಅವನೇ ಹೊಣೆ, ಬುದ್ಧ, ಧರ್ಮ, ಸಂಘಗಳಲ್ಲವೆಂದು ರಾಜಗೃಹದಲ್ಲಿ ಸಾರುವುದೆಂದು ನಿರ್ಣಯವಾಯಿತು. ಸಾರುವ ಕೆಲಸ ಸಾರಿಪುತ್ರನ ಪಾಲಿಗೆ ಬಂದಿತು. ಹಿಂದೆ ಇದೇ ಊರಿನಲ್ಲಿ ದೇವದತ್ತನನ್ನು ನಾನೇ ಹೊಗಳಿದ್ದೆನಲ್ಲಾ ಎಂದು ಅವನು ಹಿಂಜರಿದನು. ಅಂದಿನ ಹೊಗಳಿಕೆಯೂ ನಿಜವಾಗಿದ್ದಿತಲ್ಲವೇ, ಇಂದಿನ ಸಾರಿಕೆಯೂ ಹಾಗೆಯೇ ನಿಜವಾಗಿರಲಿ ಎಂಬ ಅರ್ಥದ ಉತ್ತರವನ್ನು ಬುದ್ಧನು ಕೊಟ್ಟನಂತೆ. ಗೆಳೆಯನ ಮೇಲಿನ ದೂರನ್ನು ಕೈಯಾರೆ ಬರೆಯಬೇಕಾಗಿ ಬಂದ ಕಾರ್ಯದರ್ಶಿಗಳೆಲ್ಲರಿಗೂ ಸಾರಿಪುತ್ರನ ಸಂಕಟ ಅರ್ಥವಾಗದಿರದು.

ಇದರ ಪಕ್ಕದಲ್ಲಿರಿಸಿ ನೋಡಿದರೆ ಅಶೋಕನ ಆಜ್ಞೆ ಬಿರುಸಾಗಿ ಕಾಣುತ್ತದೆ. ಅಲ್ಲಿ ಮೂರು ಸಲದ ಬುದ್ಧಿವಾದದ ಮಾತಿಲ್ಲ, ಆರು ರಾತ್ರಿಗಳಿಲ್ಲ, ಇಪ್ಪತ್ತು ಮಂದಿಯ ಸಭೆಯೂ ಇಲ್ಲ. ಸಂಘ ತಾನೇ ತೀರಿಸಿಕೊಳ್ಳಬೇಕಾದ ವ್ಯಾಜ್ಯದಲ್ಲಿ ಅರಸನು ಕೈಯಿಕ್ಕಿದನು. ಕೈಯಿಕ್ಕಿದವನಿಗೆ ತಾಳ್ಮೆ ಕಡಮೆಯಾಗಿದ್ದಿತು. ಆದರೆ ಒಂದು ವಿಷಯದಲ್ಲಿ ಅವನು ವಿನಯವನ್ನು ಮೀರಿಸಿದನೆಂದು ಒಪ್ಪಲೇಬೇಕು. ಸಾರನಾಥದ ಶಾಸನದಂತೆ, ಆಜ್ಞೆಯ ಒಂದು ಪ್ರತಿ ಅಧಿಕಾರಿಗಳ ಕಚೇರಿಯಲ್ಲಿರಬೇಕು; ಅದೇ ಬಗೆಯ ಇನ್ನೊಂದು ಪ್ರತಿ ಉಪಾಸಕರಿಗೆ ಎಟಕುವಂತಿರಬೇಕು. ಉಪಾಸಕರು ಪ್ರತಿಯೊಂದು ಉಪೋಸಥಕ್ಕೂ ಬಂದು ಅದನ್ನು ಮನಗಾಣಬೇಕು. ಮಹಾಮಾತ್ರರೂ ತಪ್ಪದೆ ಬರಬೇಕು. ಅನ್ನವನ್ನಿಕ್ಕಿ ಸಂಘವನ್ನು ಸಾಕುತ್ತಿದ್ದ ಗೃಹಸ್ಥರಿಗೆ ನಿಯಮವನ್ನು ಅರಿಯುವ ಹಕ್ಕು ಹೀಗೆ ಲಿಖಿತವಾಗಿ ದೊರೆಯಿತು.

ಬಹುಕಾಲದ ಮೇಲೆ ತಮಿಳು ನಾಡಿನ ಉತ್ತರಮೇರೂರಿನ ಮಹಾಸಭೆ 919 ಮತ್ತು 921ರಲ್ಲಿ ತನ್ನ ಕಟ್ಟಳೆಗಳನ್ನು ಗೋಡೆಯ ಮೇಲೆ ಕೆತ್ತಿಸಿದಾಗ, ವಾರಿಯದಲ್ಲಿದ್ದು ಲೆಕ್ಕವನ್ನೊಪ್ಪಿಸದವನನ್ನೂ ಅವನ ಹತ್ತಿರದ ನಂಟರನ್ನೂ ಮುಂದಿನ ಆಯ್ಕೆಯಿಂದ ದೂರವಿರಿಸಿತು. ಅದು ಊರಿನ ಸಭೆ. ಅಲ್ಲಿಯ ಭಯ ಹಣದ್ದು.

ಸಾರನಾಥದ ಕಂಬ ಈಗ ತುಂಡಾಗಿದೆ. ಶಾಸನದ ಮೊದಲ ಸಾಲುಗಳು ಬಹುಮಟ್ಟಿಗೆ ನಷ್ಟವಾಗಿವೆ. ಬಿಳಿಯ ಬಟ್ಟೆಯ ಮಾತೂ ಎರಡು ಪ್ರತಿಗಳ ಮಾತೂ ಉಳಿದಿವೆ.