1024 ಅನ್ನೋ ಹಳೇ ಬೇಲಿ

ಒಂದು ಊಹೆಯಿಂದ ಶುರು ಮಾಡೋಣ. ಜುಲೈ ತಿಂಗಳು, ಟೊಮ್ಯಾಟೊ ರೇಟ್ ಏರಿದೆ. ಕೋಲಾರದ ಎಪಿಎಂಸಿಯಲ್ಲಿ ಬಾಕ್ಸ್ ಎಷ್ಟಕ್ಕೆ ಹೋಯ್ತು ಅಂತ ತೋರಿಸೋ ಆ್ಯಪ್ ಒಂದಿದೆ ಅಂದ್ಕೊಳ್ಳಿ. ಹರಾಜಿನ ಹೊತ್ತಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರೆಲ್ಲ ಒಟ್ಟಿಗೆ ಅದನ್ನ ತೆರೀತಾರೆ. ಆ್ಯಪ್ ಸುತ್ತುತ್ತಲೇ ಇರುತ್ತೆ. ಟೆಂಪೋ ಲೋಡಾಗಿ ನಿಂತಿದೆ. ಕೋಲಾರಕ್ಕೆ ಹೊಡೆಯೋದೋ, ಗಡಿ ದಾಟಿ ಮದನಪಲ್ಲಿಗೆ ಹೋಗೋದೋ ತೀರ್ಮಾನ ಆಗ್ಬೇಕು. ಇತ್ತ ವೈಟ್‌ಫೀಲ್ಡ್‌ನಲ್ಲಿ ಕೂತ ಇಂಜಿನಿಯರ್ ನೋಡಿದ್ರೆ ಸರ್ವರ್‌ನಲ್ಲಿ ಮೆಮೊರಿ ಬೇಕಾದಷ್ಟಿದೆ, ಡಿಸ್ಕೂ ಖಾಲಿ. ಲಾಗ್‌ನಲ್ಲಿ ಮಾತ್ರ ಒಂದೇ ಸಾಲು ಮತ್ತೆ ಮತ್ತೆ: ಟೂ ಮೆನಿ ಓಪನ್ ಫೈಲ್ಸ್.

ಫೈಲ್ ಎಲ್ಲಿ ತೆರೆದ್ವಿ ಅಂತ ಕೇಳ್ಬೇಡಿ. ಯುನಿಕ್ಸ್ ವಂಶದಲ್ಲಿ ನೆಟ್‌ವರ್ಕ್ ಸಂಪರ್ಕವೂ ಫೈಲೇ. ಒಬ್ಬೊಬ್ಬ ರೈತನ ಫೋನಿಗೂ ಒಂದೊಂದು ನಂಬರ್, ಅದೇ ಫೈಲ್ ಡಿಸ್ಕ್ರಿಪ್ಟರ್. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗೋದು ಇಂಥ 1024 ನಂಬರ್.

ಈ 1024 ಇಂದಿನ ಯಂತ್ರದ ತಾಕತ್ತು ಅಳೆದು ಇಟ್ಟಿದ್ದಲ್ಲ. 1975ರ ಆರನೇ ಯುನಿಕ್ಸ್‌ನಲ್ಲಿ ಈ ಮಿತಿ 15, 1979ರ ಏಳನೆಯದರಲ್ಲಿ 20. ಆಗ ಅಷ್ಟು ಸಾಕಿತ್ತು. 1983ರಲ್ಲಿ ಬರ್ಕ್ಲಿಯವರ 4.2 ಬಿಎಸ್‌ಡಿ ಬಂತು, ಜೊತೆಗೆ ಸೆಲೆಕ್ಟ್ ಅನ್ನೋ ಕರೆಯೂ ಬಂತು: ಹತ್ತಾರು ಸಂಪರ್ಕಗಳಲ್ಲಿ ಯಾರು ಮಾತಾಡ್ತಿದಾರೆ ಅಂತ ಒಟ್ಟಿಗೆ ವಿಚಾರಿಸೋ ದಾರಿ. ಪ್ರತಿ ಸಂಪರ್ಕಕ್ಕೆ ಒಂದೊಂದು ಬಿಟ್. ಲಿನಕ್ಸ್‌ನ ಸಿ ಲೈಬ್ರರಿಯಲ್ಲಿ ಆ ಬಿಟ್‌ಗಳ ಪಟ್ಟಿ ಸರಿಯಾಗಿ 1024 ಉದ್ದ, ಅಂದ್ರೆ 128 ಬೈಟ್. ನಂಬರ್ 1024 ಮುಟ್ಟಿದ್ರೆ ಪ್ರೋಗ್ರಾಂ ಪಟ್ಟಿಯ ಆಚೆ, ಇನ್ಯಾರದೋ ಮೆಮೊರಿ ಮೇಲೆ ಬರೆಯುತ್ತೆ. ಎರರ್ ಕೂಡ ಬರದೇ ಇರಬಹುದು! ಹಾಗಾಗಿ ನನ್ನ ಪ್ರಕಾರ, ನಾವು ಬೈಯೋ ಈ ಮಿತಿ ಹಳೇ ಪ್ರೋಗ್ರಾಂಗಳನ್ನ ಕಾಯೋ ಬೇಲಿ.

1999ರಲ್ಲಿ ಡ್ಯಾನ್ ಕೆಗೆಲ್ ಒಂದೇ ಸರ್ವರ್ ಹತ್ತು ಸಾವಿರ ಗಿರಾಕಿಗಳನ್ನ ಯಾಕೆ ಸಂಭಾಳಿಸಬಾರದು ಅಂತ ಕೇಳಿದ್ರು. 2002ರಲ್ಲಿ ಲಿನಕ್ಸ್‌ಗೆ ಇಪೋಲ್ ಬಂತು; ಅದಕ್ಕೆ ಆ 1024ರ ಪಟ್ಟಿಯೇ ಬೇಡ. ದಾರಿ ಆಯ್ತು, ಬೇಲಿ ಉಳೀತು.

ಬೇಲಿ ಎತ್ತರಿಸೋ ವಿಧಾನಕ್ಕೂ ಒಂದು ಇತಿಹಾಸ ಇದೆ, ಜನ ಎಡವೋದು ಅಲ್ಲೇ. ಲಿಮಿಟ್ಸ್ ಡಾಟ್ ಕಾನ್ಫ್ ಫೈಲ್‌ನಲ್ಲಿ ದೊಡ್ಡ ನಂಬರ್ ಹಾಕಿ ಅನ್ನೋದು ಹಳೇ ಕಾಲದ ಸಲಹೆ. ಅದು ಲಾಗಿನ್ ಆದವರಿಗೆ ಅನ್ವಯ. 2014-15ರ ಹೊತ್ತಿಗೆ ರೆಡ್ ಹ್ಯಾಟ್, ಡೆಬಿಯನ್, ಉಬುಂಟು ಎಲ್ಲ ಸಿಸ್ಟಮ್‌ಡಿಗೆ ಬಂದ ಮೇಲೆ ಸರ್ವಿಸ್‌ಗಳನ್ನ ಎಬ್ಬಿಸೋದು ಅದೇ. ಅದು ಆ ಫೈಲ್ ಓದಲ್ಲ. ಸರ್ವಿಸ್‌ನ ಯುನಿಟ್ ಫೈಲ್‌ನಲ್ಲಿ ಲಿಮಿಟ್‌ನೋಫೈಲ್ ಅಂತಲೇ ಬರೀಬೇಕು. ಅದಕ್ಕೇ ಟರ್ಮಿನಲ್‌ನಲ್ಲಿ ಯುಲಿಮಿಟ್ ಕೇಳಿದ್ರೆ ದೊಡ್ಡ ಸಂಖ್ಯೆ, ಸರ್ವಿಸ್ ಮಾತ್ರ ಮತ್ತೆ ಬಿದ್ದಿರುತ್ತೆ. ನಂಬಬೇಕಾದ್ದು ಪ್ರೋಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್‌ನ ನಂಬರಿನೊಳಗಿರೋ ಲಿಮಿಟ್ಸ್ ಫೈಲನ್ನ ಮಾತ್ರ.

ಅದರ ಪಕ್ಕದಲ್ಲೇ ಎಫ್‌ಡಿ ಅನ್ನೋ ಫೋಲ್ಡರ್ ಇದೆ, ಎಣಿಸಿ ನೋಡಿ. ಹರಾಜಿನ ಹೊತ್ತಿಗೆ ಏರಿ ಮಧ್ಯಾಹ್ನಕ್ಕೆ ಇಳಿದ್ರೆ ನಿಜವಾಗಿಯೂ ಜನ ಜಾಸ್ತಿ, ಮಿತಿ ಏರಿಸಿ. ರಾತ್ರಿ ಗಿರಾಕಿ ಇಲ್ಲದಾಗಲೂ ಇಳೀದೇ ಏರ್ತಾನೇ ಇದ್ರೆ ಕೋಡ್ ಎಲ್ಲೋ ತೆರೆದದ್ದನ್ನ ಮುಚ್ತಿಲ್ಲ. ಕ್ಲೋಸ್ ವೇಟ್ ಸ್ಥಿತಿಯ ಸಂಪರ್ಕಗಳು ಗುಡ್ಡೆ ಬಿದ್ದಿರೋದು ಇದರದ್ದೇ ಗುರುತು: ಆ ಕಡೆಯವರು ಎದ್ದು ಹೋಗಿದಾರೆ, ಈ ಕಡೆ ಬಾಗಿಲು ಹಾಕಿಲ್ಲ. ನಮ್ಮ ಕೆರೆಗಳಲ್ಲಿ ತೂಬು ತೆಗೆದ ನೀರಗಂಟಿಯೇ ಅದನ್ನ ಮುಚ್ಚಬೇಕಿತ್ತು. ಮುಚ್ಚದ ತೂಬಿಗೆ ಕೆರೆ ದೊಡ್ಡದು ಮಾಡಿದ್ರೆ ಖಾಲಿಯಾಗೋದು ನಾಲ್ಕು ದಿನ ತಡ, ಅಷ್ಟೇ.

2018ರ ಡಿಸೆಂಬರ್‌ನಲ್ಲಿ ಬಂದ ಸಿಸ್ಟಮ್‌ಡಿ 240 ಒಂದು ಜಾಣ ರಾಜಿ ಮಾಡ್ತು. ಹಾರ್ಡ್ ಮಿತಿ, ಅಂದ್ರೆ ಪ್ರೋಗ್ರಾಂ ತಾನಾಗಿ ಏರಬಹುದಾದ ಎತ್ತರ, 5,24,288ಕ್ಕೆ ಹೋಯ್ತು. ಸಾಫ್ಟ್ ಮಿತಿ, ಅಂದ್ರೆ ಸದ್ಯ ಜಾರಿಯಲ್ಲಿರೋದು, ಸೆಲೆಕ್ಟ್‌ನ ಮರ್ಯಾದೆಗೆ 1024ರಲ್ಲೇ ಉಳೀತು. ಬೇಕಾದವರು ಏರಿಸ್ಕೊಳ್ಳಿ ಅಂತ. ಗೋ ಭಾಷೆ 2022ರ 1.19ರಿಂದ ತಾನೇ ಏರಿಸ್ಕೊಳ್ಳುತ್ತೆ. ಆಮೇಲಿನ ಆವೃತ್ತಿಗಳಲ್ಲಿ, ತನ್ನೊಳಗಿಂದ ಬೇರೆ ಪ್ರೋಗ್ರಾಂ ಓಡಿಸೋ ಮುಂಚೆ ಹಳೇ ಮಿತಿಯನ್ನೇ ವಾಪಸ್ ಇಡುತ್ತೆ, ಆ ಕಡೆ ಸೆಲೆಕ್ಟ್ ನಂಬಿರೋರು ಯಾರಾದ್ರೂ ಇದ್ರೆ ಅಂತ.