ಶೈಶವದ ಪೋಷಣೆ, ನಡುವಯಸ್ಸಿನ ಆರೋಗ್ಯ

ಹೃದ್ರೋಗ, ಮಧುಮೇಹಗಳನ್ನು ನಾವು ನಡುವಯಸ್ಸಿನ ವ್ಯಾಧಿಗಳೆಂದೇ ಎಣಿಸುತ್ತೇವೆ. ಅವುಗಳ ಬೇರು ಗರ್ಭಾವಸ್ಥೆಯಲ್ಲಿಯೂ ಶೈಶವದಲ್ಲಿಯೂ ಇರಬಹುದೆಂಬುದಕ್ಕೆ ಒಂದು ಮುಖ್ಯ ಸಾಕ್ಷ್ಯ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ.

ಮಿಷನ್ ಆಸ್ಪತ್ರೆಯೆಂದು ಹೆಸರಾದ ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. 1934ರಿಂದ 1954ರವರೆಗೆ ಅಲ್ಲಿ ಜನಿಸಿದ 517 ಮಂದಿಯನ್ನು ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು, 3.1 ಕಿಲೋ ಮೀರಿದವರಲ್ಲಿ ಶೇಕಡಾ 3 ಮಂದಿಗೆ ಮಾತ್ರ. 45 ದಾಟಿದವರಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗಿತ್ತು.

ಪೋಷಣೆ ಸಾಲದಾದಾಗ ಭ್ರೂಣವು ಮಿದುಳನ್ನು ಕಾಯ್ದುಕೊಂಡು ಸ್ನಾಯು, ಮೂತ್ರಪಿಂಡ ಮೊದಲಾದವುಗಳಲ್ಲಿ ಮಿತವ್ಯಯ ಮಾಡುತ್ತದೆಂಬುದು ತಜ್ಞರ ವಿವರಣೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡವು, ಕಡಿಮೆ ತೂಕದ ಅಲ್ಲಿನ ಶಿಶುಗಳಲ್ಲಿ ಸ್ನಾಯು ಕ್ಷೀಣವಾಗಿದ್ದರೂ ಕೊಬ್ಬು ಅಷ್ಟಾಗಿ ತಗ್ಗಿರುವುದಿಲ್ಲವೆಂದು ತೋರಿಸಿತು.

ದೆಹಲಿಯ 1,492 ಮಂದಿಯ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಶೈಶವದಲ್ಲಿ ಕೃಶರಾಗಿದ್ದು, 2ರಿಂದ 12ರ ವಯಸ್ಸಿನಲ್ಲಿ ಬೇಗನೆ ಮೈತುಂಬಿಕೊಂಡವರಲ್ಲಿ ಯೌವನದಲ್ಲೇ ಮಧುಮೇಹದ ಲಕ್ಷಣ ಹೆಚ್ಚಾಗಿತ್ತು. 12ರಲ್ಲಿ ಅವರಾರೂ ಸ್ಥೂಲಕಾಯರಾಗಿರಲಿಲ್ಲವೆಂಬುದು ಗಮನಾರ್ಹ.

ಆದುದರಿಂದ ಕೃಶವಾದ ಮಗುವಿಗೆ ತುಪ್ಪ, ಸಕ್ಕರೆ ತುರುಕಿ 'ದುಂಡಗೆ' ಮಾಡುವ ನಮ್ಮ ಅಕ್ಕರೆಗೆ ಅಂಕೆಯಿರಬೇಕು. ಮನೆಯ ಹೆಣ್ಣುಮಕ್ಕಳಿಗೆ ಬಾಲ್ಯದಿಂದಲೇ ಪುಷ್ಟಿಕರ ಆಹಾರ, ಶಿಶುವಿಗೆ ಆರು ತಿಂಗಳು ಎದೆಹಾಲು ಮಾತ್ರ, ಬಳಿಕ ಅದರೊಡನೆ ರಾಗಿ, ಬೇಳೆ, ಸೊಪ್ಪು, ಹಣ್ಣು, ಕಾಲಕಾಲಕ್ಕೆ ತೂಕ, ಎತ್ತರಗಳ ದಾಖಲೆ: ಇವು ನಮ್ಮ ಕೈಯಲ್ಲಿವೆ. ಜನನತೂಕವು ಹಣೆಬರಹವಲ್ಲ, ಮುನ್ಸೂಚನೆ ಮಾತ್ರ.