ಮೇಕೆ ತಳಿಗಳ ಒಳಗಿನ ವಂಶವಾಹಿ ವೈವಿಧ್ಯ

ಒಂದೇ ತಳಿಗೆ ಸೇರಿದ ಮೇಕೆಗಳ ನಡುವೆ ವಂಶವಾಹಿಗಳಲ್ಲಿ ಕಾಣುವ ವ್ಯತ್ಯಾಸ. ಬೀದರಿ ಮೇಕೆ ಕಪ್ಪು, ನಂದಿದುರ್ಗ ಬಿಳಿ ಎಂದು ಬಣ್ಣದ ಮೇಲೆ ತಳಿ ಗುರುತಿಸುವುದು ಸುಲಭ; ಆದರೆ ಹಾಲು, ಬೆಳವಣಿಗೆ, ರೋಗನಿರೋಧಕ ಶಕ್ತಿಗಳಲ್ಲಿ ಒಂದೇ ಹಿಂಡಿನ ಎರಡು ಮೇಕೆಗಳು ಸಾಕಷ್ಟು ಬೇರೆಯಾಗಿರುತ್ತವೆ.

ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಬೆಜೋವರ್ ಎಂಬ ಕಾಡುಮೇಕೆಯನ್ನು ಪಳಗಿಸಲಾಯಿತು. ಅಲ್ಲಿಂದ ಮೇಕೆಯು ವ್ಯಾಪಾರಿಗಳ, ವಲಸಿಗರ ಜೊತೆ ಎಲ್ಲೆಡೆ ನಡೆಯಿತು. 88 ತಳಿಗಳ 406 ಮೇಕೆಗಳ ಮೈಟೋಕಾಂಡ್ರಿಯ ಡಿಎನ್‌ಎ ಪರಿಶೀಲಿಸಿದ 2001ರ ಅಧ್ಯಯನದಲ್ಲಿ, ಒಟ್ಟು ವೈವಿಧ್ಯದ ಸುಮಾರು ಶೇ. 10ರಷ್ಟು ಮಾತ್ರ ಖಂಡಗಳ ನಡುವಿನದಾಗಿತ್ತು; ಉಳಿದದ್ದು ಖಂಡಗಳ ಒಳಗಿನದೇ. ದನಗಳಲ್ಲಿ ಖಂಡಗಳ ನಡುವಿನ ಪಾಲು ಶೇ. 50 ಅಥವಾ ಅದಕ್ಕೂ ಹೆಚ್ಚು.

ತಳಿಯ ಒಳಗಿನ ವ್ಯತ್ಯಾಸಕ್ಕೆ ಚೆನ್ನಾಗಿ ಅಧ್ಯಯನವಾಗಿರುವ ಉದಾಹರಣೆ ಹಾಲಿನ ಆಲ್ಫಾ-ಎಸ್1 ಕೇಸಿನ್ ಪ್ರೋಟೀನಿನದು. ಇದರ ವಂಶವಾಹಿಗೆ ಹಲವು ರೂಪಗಳಿವೆ. ‘ಎ’ ರೂಪದ ಒಂದು ನಕಲು ಲೀಟರ್ ಹಾಲಿಗೆ ಸುಮಾರು 3.5 ಗ್ರಾಂನಷ್ಟು ಈ ಪ್ರೋಟೀನ್ ಕೊಟ್ಟರೆ, ‘ಎಫ್’ ಅರ್ಧ ಗ್ರಾಂ ಕೂಡ ಕೊಡುವುದಿಲ್ಲ. ‘ಒ’ ಏನನ್ನೂ ಕೊಡುವುದಿಲ್ಲ. ಯುರೋಪಿನ ಆಲ್ಪೈನ್, ಸಾನೆನ್ ತಳಿಗಳಲ್ಲಿ ಪ್ರಬಲ, ದುರ್ಬಲ ರೂಪಗಳೆರಡೂ ಸಿಗುತ್ತವೆ. ಹೀಗಾಗಿ ಒಂದು ಮೇಕೆಯ ಹಾಲು ಗಟ್ಟಿಯಾಗಿ ಒಡೆದು ಒಳ್ಳೆಯ ಚೀಸ್ ಆದರೆ, ಪಕ್ಕದಲ್ಲೇ ಕಟ್ಟಿದ ಇನ್ನೊಂದರದ್ದು ಮೆತ್ತಗೆ ಉಳಿಯುತ್ತದೆ.

ಎಲ್ಲ ವ್ಯತ್ಯಾಸವೂ ಲಾಭದ್ದಲ್ಲ. ಸಾನೆನ್‌ನಂಥ ತಳಿಗಳಲ್ಲಿ ಕೊಂಬಿಲ್ಲದ ಗುಣ ಬರುವುದು ಡಿಎನ್‌ಎಯ ಸುಮಾರು 11,700 ಅಕ್ಷರಗಳ ತುಂಡೊಂದು ಕಳೆದುಹೋಗಿರುವುದರಿಂದ. ತಾಯಿ, ತಂದೆ ಇಬ್ಬರಿಂದಲೂ ಅದೇ ಕೊರತೆ ಪಡೆದ ಹೆಣ್ಣುಮರಿ ಗಂಡಿನ ಲಕ್ಷಣ ತಳೆದು ಗೊಡ್ಡಾಗುತ್ತದೆ. ಹಾಗಾಗಿ ಜೋಡಿಯಲ್ಲಿ ಒಂದಕ್ಕಾದರೂ ಕೊಂಬಿರುವಂತೆ ಸಾಕಣೆದಾರರು ನೋಡಿಕೊಳ್ಳುತ್ತಾರೆ.

ಈ ವೈವಿಧ್ಯ ಬೇಗ ಸೋರಿಹೋಗುವುದು ಹೋತದ ಕಡೆಯಿಂದ. 50 ಹೆಣ್ಣುಮೇಕೆಗಳಿಗೆ ಒಂದೇ ಹೋತ ಇದ್ದರೆ, ವಂಶವಾಹಿಗಳ ಲೆಕ್ಕದಲ್ಲಿ ಆ ಹಿಂಡು ಸುಮಾರು 4 ಮೇಕೆಗಳಿಗೆ ಸಮ. ಆ ಹೋತದ ಮಗನನ್ನೇ ಮುಂದಿನ ಹೋತವಾಗಿ ಉಳಿಸಿಕೊಂಡರೆ ರಕ್ತಸಂಬಂಧದ ಕೂಡಿಕೆ ಹೆಚ್ಚುತ್ತದೆ; ಮರಿಗಳ ಸಾವು, ಕುಂಠಿತ ಬೆಳವಣಿಗೆ ಹಿಂಬಾಲಿಸುತ್ತವೆ. ಕೆಲವು ವರ್ಷಗಳಿಗೊಮ್ಮೆ ಬೇರೆ ಊರಿನ ಹೋತ ತರುವುದು ಇದಕ್ಕೆ ಅಗ್ಗದ ಪರಿಹಾರ. ಭಾರತದಲ್ಲಿ ಇನ್ನೊಂದು ತೊಡಕೂ ಇದೆ: ಚೆನ್ನಾಗಿ ಮೈತುಂಬಿದ ಗಂಡುಮರಿಗೇ ಸಂತೆಯಲ್ಲಿ, ಬಕ್ರೀದ್ ಹೊತ್ತಿನಲ್ಲಂತೂ, ಒಳ್ಳೆಯ ಬೆಲೆ. ಬೇಗ ಬೆಳೆಯುವ ಗುಣ ಹೊತ್ತದ್ದು ಸಂತಾನ ಬಿಡುವ ಮೊದಲೇ ಮಾರಾಟವಾಗಿ, ಯಾರೂ ಕೊಳ್ಳದ ಸಣಕಲು ಗಂಡು ಹಿಂಡಿನ ಹೋತವಾಗುವುದುಂಟು.